ವಾಕ್ಯದ ಬಾಲ ಕತ್ತರಿಸಿದರೆ: ವಿಮರ್ಶೆಯಲ್ಲಿ ಉಲ್ಲೇಖದ ಪ್ರಾಮಾಣಿಕತೆ

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ತೇದಿ ಇಲ್ಲ. 1936ರ ಮೈಸೂರು ಪುರಾತತ್ವ ವರದಿಯಲ್ಲಿ ಅದನ್ನು ಪ್ರಕಟಿಸಿದ ಎಂ.ಎಚ್. ಕೃಷ್ಣ ಅವರು ಕೊಟ್ಟದ್ದು ಸುಮಾರು ಕ್ರಿ.ಶ. 450 ಎಂಬ ಅಂದಾಜು. ಇನ್ನೂ ಈಚಿನ ಕಾಲ ಹೇಳಿದ ವಿದ್ವಾಂಸರೂ ಇದ್ದಾರೆ. ಪ್ರಬಂಧದಿಂದ ಪ್ರಬಂಧಕ್ಕೆ ದಾಟುವಾಗ ‘ಸುಮಾರು’ ಉದುರಿ, 450 ಮಾತ್ರ ಉಳಿಯುತ್ತದೆ.

ಉಲ್ಲೇಖದ ಸಮಸ್ಯೆ ಹಳೆಯದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಕಡೂರು ಸಂಪುಟ (ಇಂದಿನ ಚಿಕ್ಕಮಗಳೂರು ಜಿಲ್ಲೆ) 1901ರಲ್ಲೂ ಹಾಸನ ಸಂಪುಟ 1902ರಲ್ಲೂ ಬಂದವು. ಅವುಗಳಲ್ಲಿ ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಅನುವಾದವನ್ನೇ ಮತ್ತೆ ಕನ್ನಡಿಸಿ ‘ಶಾಸನ ಹೀಗೆ ಹೇಳುತ್ತದೆ’ ಎಂದು ಬರೆದರೆ, ಓದುಗರ ಕೈಗೆ ಸಿಗುವುದು ಶಾಸನವಲ್ಲ, ರೈಸ್ ಅವರ ಅರ್ಥೈಸುವಿಕೆ. ಅಳಿಸಿದ ಅಕ್ಷರಗಳನ್ನು ಊಹಿಸಿ ತುಂಬಿದಾಗ ಸಂಪಾದಕರು ಹಾಕುವ ಆವರಣ ಚಿಹ್ನೆಗಳೂ ನಕಲಿನಲ್ಲಿ ಮಾಯವಾಗುತ್ತವೆ. ಆಮೇಲೆ ಊಹೆಯೇ ಪಾಠ!

ಸಾಹಿತ್ಯ ವಿಮರ್ಶೆಯಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕನ್ನಡ ವಾಕ್ಯದ ತೀರ್ಮಾನ ಕೊನೆಯಲ್ಲಿ ಬರುತ್ತದೆ. ‘ಈ ಕವಿ ಜೈನನೆಂದು ತೋರುತ್ತದೆಯಾದರೂ ಖಚಿತವಾಗಿ ಹೇಳಲಾಗದು’ ಎಂಬಂಥ ವಾಕ್ಯವನ್ನು ‘ತೋರುತ್ತದೆ’ ಎಂಬಲ್ಲಿಗೆ ಕತ್ತರಿಸಿ, ಆಮೇಲೆ ಅದನ್ನೇ ಖಂಡಿಸಿದರೆ ಎದುರಾಳಿ ಹೇಳದ ಮಾತಿಗೆ ಉತ್ತರ ಕೊಟ್ಟಂತಾಗುತ್ತದೆ. ಬಿಟ್ಟ ಕಡೆ ಮೂರು ಚುಕ್ಕಿ ಹಾಕಿದರೆ ಸಾಲದು. ಬಿಟ್ಟ ಭಾಗದಲ್ಲಿ ‘ಆದರೆ’, ‘ಬಹುಶಃ’, ‘ಅಲ್ಲ’ ಇವೆಯೇ ಎಂದು ನೋಡಬೇಕು. ಇದ್ದರೆ ಪೂರ್ತಿ ವಾಕ್ಯ ಕೊಡಬೇಕು, ಜೊತೆಗೆ ಹಿಂದು ಮುಂದಿನ ಒಂದೊಂದು ವಾಕ್ಯವನ್ನೂ ಓದಿರಬೇಕು. ಬೇರೆಯವರ ಪುಸ್ತಕದಿಂದ ಎತ್ತಿಕೊಂಡದ್ದಾದರೆ ಆ ಪುಸ್ತಕದ ಹೆಸರನ್ನೇ ಹೇಳುವುದು ಮರ್ಯಾದೆ.

2018ರಲ್ಲಿ ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಬಂತು. ಸಂಶೋಧನ ಪ್ರಬಂಧಕ್ಕೆ ಬೇರೆ ಬರಹಗಳೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರದಿಂದ ಚಿಕ್ಕಮಗಳೂರಿನ ಕಾಲೇಜುಗಳವರೆಗೆ ಸಂಶೋಧಕರು ಶೇಕಡಾವಾರಿನ ಭಾಷೆ ಕಲಿತರು. ಇದು ಒಳ್ಳೆಯದೇ, ಕದ್ದು ಬರೆಯುವುದಕ್ಕೆ ಒಂದು ತಡೆ. ಆದರೆ ಮೂಲ ಸೂಚಿಸಿದ ಉಲ್ಲೇಖ ಈ ಲೆಕ್ಕದಿಂದ ಹೊರಗೆ. ಸಾಮಾನ್ಯ ಪದಗಳು ಸತತ ಹದಿನಾಲ್ಕರವರೆಗೆ ಹೊಂದಿದರೂ ಹೊರಗೆ. ಬಾಲ ಕತ್ತರಿಸಿದ ವಾಕ್ಯ ಉದ್ಧರಣ ಚಿಹ್ನೆಯೊಳಗೆ ಕುಳಿತರೆ ಹೋಲಿಕೆ ಹುಡುಕುವ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ. ಅಧ್ಯಾಯಕ್ಕೆ ಎರಡು ಮೂರು ಉಲ್ಲೇಖಗಳನ್ನಾದರೂ, ಮುಖ್ಯವಾಗಿ ಖಂಡನೆಗೆ ಆಧಾರವಾದವನ್ನು, ಮೂಲದ ಪುಟ ತೆಗೆಸಿ ಹೋಲಿಸುವ ಕೆಲಸ ಮಾರ್ಗದರ್ಶಕರಿಗೂ ಪರೀಕ್ಷಕರಿಗೂ ಉಳಿದೇ ಇದೆ.