ಹೈವೇಯಲ್ಲೇ ಓಡಿದ ಕಾರಿನ ಕ್ಲಚ್ ಸವೆದದ್ದು ಹೇಗೆ?

“ನೋಡಪ್ಪ, ಗಾಡಿ ಎಳೀತಾನೇ ಇಲ್ಲ. ಇಂಜಿನ್ ಒಳಗೆ ಸವೆದು ಬೋರ್‌ಗೆ ಬಂದೈತೋ ಏನೋ” ಎನ್ನುತ್ತಾ ಕಳೆದ ತಿಂಗಳು ಹಿರಿಯರೊಬ್ಬರು ನಮ್ಮ ಗ್ಯಾರೇಜಿಗೆ ಕಾರು ತಂದರು. ಮನೆ ಚಿತ್ರದುರ್ಗ, ಕೆಲಸ ದಾವಣಗೆರೆ. ದಿನಕ್ಕೆ ಹೋಗಿಬಂದು ಸುಮಾರು 120 ಕಿಲೋಮೀಟರ್, ಬಹುಪಾಲು ಹೈವೇ. ಕಾರು ಓಡಿದ್ದು ಬರೀ 31 ಸಾವಿರ. ಬೇರೆ ಕಡೆ ಪ್ಲಗ್, ಏರ್ ಫಿಲ್ಟರ್ ಎಲ್ಲ ಬದಲಾಯಿಸಿದ್ದೂ ಆಗಿತ್ತು.

ಬಾನೆಟ್ ಎತ್ತುವ ಮೊದಲು ನಾನು ಬಗ್ಗಿ ಪೆಡಲ್‌ಗಳನ್ನು ನೋಡಿದೆ. ಬ್ರೇಕ್ ಪೆಡಲಿನ ರಬ್ಬರಿನಲ್ಲಿ ಗೆರೆಗಳು ಹೊಸದರಂತೆ ಎದ್ದು ಕಾಣುತ್ತಿದ್ದವು. ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಹೈವೇಯಲ್ಲಿ ಕ್ಲಚ್ ತುಳಿಯುವ ಕೆಲಸ ಎಷ್ಟಿರುತ್ತದೆ? ಅಲ್ಲಿಗೆ ವಿಷಯ ಅರ್ಧ ತಿಳಿದಂತಾಯಿತು. ಅವರನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತೆ. ನಾಲ್ಕನೇ ಗೇರಿಗೆ ಹಾಕಿದ ಮೇಲೂ ಎಡಗಾಲು ಪೆಡಲ್ ಬಿಟ್ಟು ಕೆಳಗಿಳಿಯಲಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಲು ಹೇಳಿದೆ. ಇಂಜಿನ್ ಭರ್ರೆಂದಿತು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಸರಕ್ಕನೆ ಮೇಲೆದ್ದಿತು, ಸ್ಪೀಡ್ ಮಾತ್ರ ಇದ್ದಲ್ಲೇ ಇತ್ತು. ಇಂಜಿನ್ ಗಟ್ಟಿಮುಟ್ಟಾಗಿತ್ತು, ಅದರ ಶಕ್ತಿ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ.

ಪೆಡಲ್ ಮೇಲೆ ಸುಮ್ಮನೆ ಇಟ್ಟ ಕಾಲು ಇಷ್ಟು ಹಾಳು ಮಾಡುತ್ತದೆಯೇ ಎಂದು ಅವರು ನಂಬಲಿಲ್ಲ. ಒಳಗೆ ನಡೆಯುವುದು ಇಷ್ಟು. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್‌ಗೂ, ಸ್ಪ್ರಿಂಗ್ ಬಲದಿಂದ ಅದರತ್ತ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ, ಗೇರ್‌ಬಾಕ್ಸಿಗೆ ಶಕ್ತಿ ದಾಟಿಸುವ ಕ್ಲಚ್ ಪ್ಲೇಟ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಮೂರೂ ಒಟ್ಟಿಗೆ ತಿರುಗುವಾಗ ಉಜ್ಜಾಟವೇ ಇಲ್ಲ, ಸವೆತವೂ ಇಲ್ಲ. ಪೆಡಲ್ ಪೂರ್ತಿ ಒತ್ತಿದಾಗ ಪ್ಲೇಟ್ ಬಿಡಿಸಿಕೊಳ್ಳುತ್ತದೆ, ಆಗಲೂ ಸವೆಯುವುದಿಲ್ಲ. ಅದು ಸವೆಯುವುದು ಈ ಎರಡರ ನಡುವೆ, ಹಾಫ್ ಕ್ಲಚ್ಚಿನಲ್ಲಿ. 2000 ಆರ್‌ಪಿಎಂ ಎಂದರೆ ಫ್ಲೈವೀಲ್ ಸೆಕೆಂಡಿಗೆ 33 ಸುತ್ತು ತಿರುಗುತ್ತದೆ. ಪ್ಲೇಟ್ ಅದಕ್ಕಿಂತ ನಿಧಾನವಾಗಿದ್ದರೆ ಆ ವ್ಯತ್ಯಾಸವೆಲ್ಲ ಉಜ್ಜಾಟ ಮತ್ತು ಕಾವು. ಕಾಲಿನ ಭಾರ ಸ್ವಲ್ಪವೇ ಬಿದ್ದರೂ ಪ್ಲೇಟಿನ ಮೇಲಿನ ಹಿಡಿತ ಸಡಿಲವಾಗುತ್ತದೆ, ಲೋಡ್ ಬಿದ್ದಾಗ ಜಾರುತ್ತದೆ. ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟಿನ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್‌ಗೂ ದಿನವಿಡೀ ಬಿಡುವಿಲ್ಲ.

ಗೇರ್‌ಬಾಕ್ಸ್ ಇಳಿಸಿದಾಗ ಅವರನ್ನು ಕರೆದು ತೋರಿಸಿದೆ. ಹೊಸ ಪ್ಲೇಟಿನಲ್ಲಿ ರಿವೆಟ್‌ಗಳ ತಲೆ ಮೇಲಿನ ಉಜ್ಜುವ ಪದರಕ್ಕಿಂತ (ಲೈನಿಂಗ್) ಒಂದು ಮಿಲಿಮೀಟರಿನಷ್ಟು ಒಳಗಿರುತ್ತದೆ, ಬೆರಳಾಡಿಸಿದರೆ ಗುಳಿ ಸಿಗುತ್ತದೆ. ಇವರ ಪ್ಲೇಟಿನಲ್ಲಿ ಗುಳಿಯೇ ಇರಲಿಲ್ಲ, ಎರಡು ಕಡೆ ರಿವೆಟ್ ತಲೆ ಹೊಳೆಯುತ್ತಿತ್ತು. ಫ್ಲೈವೀಲ್ ಮೇಲೆ ಕಾವಿಗೆ ಸುಟ್ಟ ನೀಲಿ ಕಲೆಗಳು. ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ರಿವೆಟ್ ಕೊರೆದು ಫ್ಲೈವೀಲ್ ಖರ್ಚೂ ತಲೆಗೆ ಬರುತ್ತಿತ್ತು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿದೆ. ಮೆಕ್ಯಾನಿಕ್ ಮೂರನ್ನೂ ಬದಲಾಯಿಸಲು ಹೇಳಿದರೆ ಅನುಮಾನ ಬೇಡ. ಒಂದನ್ನೇ ಹಾಕಿ ಉಳಿದದ್ದು ಆರು ತಿಂಗಳಿಗೆ ಕೈಕೊಟ್ಟರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಮತ್ತೊಮ್ಮೆ ಕೊಡಬೇಕು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕ್ ಒತ್ತಿಕೊಂಡು ನಾಲ್ಕನೇ ಗೇರಿಗೆ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಇಂಜಿನ್ ತಕ್ಷಣ ಆಫ್ ಆಗುತ್ತದೆ. ಪೂರ್ತಿ ಬಿಟ್ಟರೂ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಎಂದೇ ಅರ್ಥ. ಒಮ್ಮೆ ಮಾತ್ರ ಮಾಡಿ, ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟ್ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಇದನ್ನು ಮಾಡದೆ ದುಡ್ಡು ಕೊಡಬೇಡಿ.

ಗೇರ್ ಬೀಳುತ್ತಿಲ್ಲ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ ಎಂದು ಬರುವವರೂ ಇದ್ದಾರೆ. ಅದು ಜಾರುವುದಕ್ಕೆ ಉಲ್ಟಾ, ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಎಷ್ಟೋ ಸಲ ಕೇಬಲ್ ಸಡಿಲವಾಗಿರುತ್ತದೆ, ಹೈಡ್ರಾಲಿಕ್ ಕ್ಲಚ್ ಇದ್ದರೆ ಸಿಲಿಂಡರಿನಿಂದ ಆಯಿಲ್ ಸೋರಿರುತ್ತದೆ. ಇಂಥ ಕಾರಿಗೆ ಸುಮ್ಮನೆ ಹೊಸ ಕ್ಲಚ್ ಸೆಟ್ಟು ಹಾಕಿಸಿಕೊಂಡು ಮೋಸಹೋದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಗೇರ್‌ಬಾಕ್ಸ್‌ಗೆ ಕೈ ಹಾಕುವ ಮೊದಲು ಕೇಬಲ್, ಸಿಲಿಂಡರ್ ನೋಡಿ ಎಂದು ಧೈರ್ಯವಾಗಿ ಕೇಳಿ. ಪೆಡಲ್ ಒತ್ತಿದಾಗ ಮಾತ್ರ ಕೀರಲು ಸದ್ದು ಬಂದರೆ ಅದು ಬಹುತೇಕ ರಿಲೀಸ್ ಬೇರಿಂಗಿನದು.

ದಾವಣಗೆರೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ಅಭ್ಯಾಸವಾದವರು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತುವಾಗ ಕ್ಲಚ್ ಸುಡುತ್ತಾರೆ. ಎದುರು ಗಾಡಿ ಬಂದರೆ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ತೂಗಾಡುತ್ತಾ ನಿಲ್ಲುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ. ಹೊರಡುವಾಗ ಫಸ್ಟ್ ಗೇರ್ ಹಾಕಿ, ಕ್ಲಚ್ ಕಚ್ಚಿ ಕಾರಿನ ಮೂತಿ ತುಸು ಎದ್ದಂತಾದಾಗ ಹ್ಯಾಂಡ್‌ಬ್ರೇಕ್ ಬಿಡಿ. ರೈಲ್ವೆ ಗೇಟಿನಲ್ಲೂ ಸಿಗ್ನಲ್‌ನಲ್ಲೂ ನ್ಯೂಟ್ರಲ್ಲೇ ಸರಿ.

ಆ ಹಿರಿಯರ ಕಾರಿನಲ್ಲಿ ಎಡಗಾಲು ಇಡಲು ಬೇರೆ ಜಾಗವಿರಲಿಲ್ಲ. ಪೆಡಲಿನ ಎಡಕ್ಕೆ, ಮ್ಯಾಟಿನ ಮೇಲೆ ಹಿಮ್ಮಡಿ ಊರಿ ಕೂರಿಸಿ ತೋರಿಸಿದೆ. ಮೊದಲ ವಾರ ಕಾಲು ತಾನಾಗಿಯೇ ಪೆಡಲಿಗೆ ಹೋಗುತ್ತಿತ್ತಂತೆ, ಈಗ ರೂಢಿಯಾಗಿದೆ ಎಂದು ಫೋನ್ ಮಾಡಿದ್ದರು.

ನಡುದಾರಿಯಲ್ಲಿ, ಭರಮಸಾಗರದ ಹತ್ತಿರವೆಲ್ಲೋ ಕ್ಲಚ್ ಜಾರತೊಡಗಿದರೆ ಆಕ್ಸಿಲರೇಟರ್ ಒತ್ತಿ ಎಳೆಸಬೇಡಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಆರಲು ಬಿಡಿ. ಆಮೇಲೆ ಎಸಿ ಆಫ್ ಮಾಡಿ, ಕೆಳಗಿನ ಗೇರಿನಲ್ಲಿ, ಎಡ ಬದಿಯಲ್ಲೇ ಮೆಲ್ಲಗೆ ಹತ್ತಿರದ ಗ್ಯಾರೇಜಿನವರೆಗೆ ತನ್ನಿ.