ಹುಳುಕಡ್ಡಿಗೆ ಹೋದರೆ ಡಾಕ್ಟರ್ ಮೊಲದ ಬಗ್ಗೆ ಯಾಕೆ ಕೇಳ್ತಾರೆ?

ಪ್ರಶ್ನೆ: ನಾವು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯವರು. ಮುಂಗೈ ಮೇಲೆ ಹುಳುಕಡ್ಡಿ ತರಹದ ಕಲೆ ಎದ್ದು ಮೂರು ತಿಂಗಳಾಯಿತು. ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ವಾರದಲ್ಲಿ ಹೋಗುತ್ತದೆ, ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ಡಾಕ್ಟರ್ ಹತ್ತಿರ ಹೋದರೆ ದನ ಇವೆಯಾ, ಬೆಕ್ಕು ಇದೆಯಾ, ಕಾಡುಪ್ರಾಣಿ ಮುಟ್ಟಿದ್ರಾ ಅಂತ ಕೇಳಿದರು. ಚರ್ಮ ಕೆರೆದು ಲ್ಯಾಬಿಗೂ ಕಳಿಸಿದ್ದಾರೆ. ಇದೇನಾದರೂ ಅಪರೂಪದ ಕಾಯಿಲೆಯಾ?

ಉತ್ತರ: ಗದಗ, ಹಾವೇರಿ, ಹುಬ್ಬಳ್ಳಿ, ಎಲ್ಲಿಂದ ಪತ್ರ ಬಂದರೂ ಈ ಟ್ಯೂಬಿನ ಕಥೆ ಇದ್ದೇ ಇರುತ್ತದೆ. ನೇರವಾಗಿ ಹೇಳಿಬಿಡುತ್ತೇನೆ. ಅಪರೂಪದ ಕಾಯಿಲೆ ಇರುವ ಸಾಧ್ಯತೆ ಕಡಿಮೆ. ಮಾಮೂಲಿ ಹುಳುಕಡ್ಡಿಯೇ ಟ್ಯೂಬಿನ ದೆಸೆಯಿಂದ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಆದರೂ ನಿಮ್ಮ ಡಾಕ್ಟರ್ ಕೇಳಿದ್ದೂ ಸರಿ, ಕೆರೆದದ್ದೂ ಸರಿ.

ಮೊದಲು ಟ್ಯೂಬಿನ ವಿಷಯ. ಅಂಗಡಿಯಲ್ಲಿ ಕೈಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ (ಹುಳುಕಡ್ಡಿ ತರುವ ಶಿಲೀಂಧ್ರ) ಔಷಧಿ, ಬ್ಯಾಕ್ಟೀರಿಯಾ ಔಷಧಿ ಮತ್ತು ಸ್ಟಿರಾಯ್ಡ್ ಮೂರೂ ಕಲೆತಿರುತ್ತವೆ. ಸ್ಟಿರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಎರಡೇ ದಿನದಲ್ಲಿ ಇಳಿಸುತ್ತದೆ. ಹಚ್ಚಿದವರಿಗೆ ಖುಷಿ. ಆದರೆ ಅದು ಆ ಜಾಗದ ಚರ್ಮದ ಪ್ರತಿರೋಧವನ್ನೂ ಇಳಿಸುವುದರಿಂದ ಫಂಗಸ್ ಆರಾಮಾಗಿ ಹರಡುತ್ತದೆ. ಕಲೆಯ ಉಂಗುರದ ಅಂಚು ಅಳಿಸಿಹೋಗಿ, ನೋಡಿದವರಿಗೆ ಇದು ಹುಳುಕಡ್ಡಿ ಅಂತ ಗುರುತೇ ಸಿಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಏನೋ ಇದೆ. ಕೌಂಟರ್‌ನಲ್ಲಿ ಚೀಟಿ ಕೇಳುವವರು ಎಷ್ಟು ಜನ ಅನ್ನುವುದು ನಿಮಗೇ ಗೊತ್ತು.

ಇದರ ಜೊತೆಗೆ ಇನ್ನೊಂದು ತೊಂದರೆ. ಟರ್ಬಿನಾಫಿನ್ ಎಂಬ ಮಾತ್ರೆಗೆ ಜಗ್ಗದ ಒಂದು ಫಂಗಸ್ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಇದು ಮನುಷ್ಯರಿಂದ ಮನುಷ್ಯರಿಗೆ, ಒಂದೇ ಟವೆಲ್, ಒಂದೇ ಹಾಸಿಗೆಯಿಂದ ಹರಡುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಅನುಮಾನ ಮೊದಲು ಈ ಕಡೆ ಹೋಗಬೇಕು.

ಹಾಗಾದರೆ ಪ್ರಾಣಿಗಳ ವಿಚಾರ ಯಾಕೆ ಬಂತು? ಹುಳುಕಡ್ಡಿ ತರುವ ಫಂಗಸ್‌ಗಳಲ್ಲಿ ಕೆಲವಕ್ಕೆ ಮನುಷ್ಯರ ಚರ್ಮವೇ ಮನೆ, ಕೆಲವಕ್ಕೆ ಮಣ್ಣು, ಉಳಿದವಕ್ಕೆ ಪ್ರಾಣಿಗಳು. ದನಗಳಿಂದ ಬರುವುದು ಟ್ರೈಕೊಫೈಟಾನ್ ವೆರುಕೋಸಮ್. ಕರುವಿನ ಕಣ್ಣ ಸುತ್ತ, ಮೂತಿಯ ಮೇಲೆ ಬೂದಿ ಬಣ್ಣದ ದಪ್ಪ ಹಕ್ಕಳೆ ಕಟ್ಟಿ ಕೂದಲು ಉದುರಿರುತ್ತದಲ್ಲ, ಅದು. ಹಾಲು ಕರೆಯುವವರ ಮುಂಗೈಗೆ ಬರುವುದೂ ಇದೇ. ಬೆಕ್ಕು, ನಾಯಿಯಿಂದ ಬರುವುದು ಮೈಕ್ರೊಸ್ಪೋರಮ್ ಕ್ಯಾನಿಸ್. ಬೆಕ್ಕಿನ ಮೈಮೇಲೆ ಒಂದು ಕಲೆಯೂ ಇಲ್ಲದೆ ಇದು ಕೂತಿರಬಹುದು. ಇಲಿ, ಮೊಲಗಳಿಂದ ಬರುವುದು ಟ್ರೈಕೊಫೈಟಾನ್ ಮೆಂಟಗ್ರೊಫೈಟಿಸ್. ಯುರೋಪ್, ನ್ಯೂಜಿಲೆಂಡ್ ಕಡೆ ಹೆಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈ ಪ್ರಾಣಿಯನ್ನು ಎತ್ತಿಕೊಂಡವರ ಕೈಗೆ ಬರುವ ಎರಿನೇಸಿಯೈ ಎಂಬ ಬೇರೆಯೇ ತಳಿ ಇದೆ.

ಪ್ರಾಣಿಯಿಂದ ಬಂದ ಫಂಗಸ್‌ಗೆ ನಮ್ಮ ಚರ್ಮ ಸಿಟ್ಟಿನಿಂದಲೇ ಉತ್ತರ ಕೊಡುತ್ತದೆ. ಊತ, ನೋವು, ಕೀವು ಎಲ್ಲಾ ಜಾಸ್ತಿ. ಮಕ್ಕಳ ತಲೆಯಲ್ಲಿ ಇದು ಬಂದರೆ ಮೆತ್ತಗಿನ ಕೀವುಗಡ್ಡೆಯ ಹಾಗೆ ಉಬ್ಬುತ್ತದೆ. ಕುರು ಅಂತ ತಿಳಿದು ಕೊಯ್ಯಿಸಿಬಿಡುತ್ತಾರೆ. ಅಲ್ಲಿ ಕೊಯ್ಯುವಂಥದ್ದು ಏನೂ ಇಲ್ಲ, ಬೇಕಾಗಿರುವುದು ಫಂಗಸ್‌ಗೆ ನುಂಗುವ ಔಷಧಿ. ತಡವಾದರೆ ಆ ಜಾಗದಲ್ಲಿ ಕೂದಲು ಕಾಯಂ ಹೋಗಬಹುದು.

ಪ್ರಾಣಿ ಮುಟ್ಟಿದ್ರಾ ಅನ್ನುವ ಪ್ರಶ್ನೆಗೆ ಉತ್ತರ ಒಂದೇ ಸಲಕ್ಕೆ ಸಿಗುವುದಿಲ್ಲ ಅನ್ನುವುದೂ ಡಾಕ್ಟರಿಗೆ ಗೊತ್ತು. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಪ್ರಾಣಿ ಏನರ ಮುಟ್ಟೀರೇನ್ರೀ?"

"ಇಲ್ರೀ ಸರ್, ಮನ್ಯಾಗ ನಾಯಿ ಬೆಕ್ಕು ಏನೂ ಇಲ್ಲ."

"ದನ?"

"ಅವು ಅದಾವ್ರೀ."

ದನ ಯಾರ ಲೆಕ್ಕದಲ್ಲೂ ಪ್ರಾಣಿ ಅಲ್ಲ, ಮನೆಯವರು! ಇನ್ನೂ ಸ್ವಲ್ಪ ಕೆದಕಿದರೆ, ಹೆಸರುಕಾಯಿ ಬಿಡಿಸುವಾಗ ಸಿಕ್ಕ ಮೊಲದ ಮರಿಯನ್ನು ಹುಡುಗರು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದು, ಬೇಲಿಗೆ ಸಿಕ್ಕಿಕೊಂಡ ಚಿಗರಿಯನ್ನು ಅಪ್ಪ ಬಿಡಿಸಿದ್ದು ಹೊರಗೆ ಬರುತ್ತದೆ. ಮುಟ್ಟಿ ಒಂದೆರಡು ವಾರ ಕಳೆದ ಮೇಲೆ ಕಲೆ ಏಳುವುದರಿಂದ ಜನ ಎರಡನ್ನೂ ಜೋಡಿಸುವುದಿಲ್ಲ. ಅಂದಹಾಗೆ ಕಾಡುಮೊಲ ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆ ಹೆದರಿಕೆಯಿಂದ ಡಾಕ್ಟರ್ ಮುಂದೆ ಬಾಯಿ ಬಿಡದವರೂ ಇದ್ದಾರೆ. ಡಾಕ್ಟರ್ ಕೇಳುತ್ತಿರುವುದು ರೋಗ ಪತ್ತೆಗೆ, ಕೇಸ್ ಹಾಕುವುದಕ್ಕಲ್ಲ.

ಇನ್ನು ಕೆರೆದದ್ದು. ಕಲೆಯನ್ನು ಮೊದಲು ಸ್ಪಿರಿಟ್‌ನಿಂದ ಒರೆಸಿ ಮುಲಾಮಿನ ಜಿಡ್ಡು ತೆಗೆಯುತ್ತಾರೆ. ಆಮೇಲೆ ಬ್ಲೇಡಿನ ಮೊಂಡ ಬದಿಯಿಂದ ಅಂಚನ್ನು ಕೆರೆಯುತ್ತಾರೆ. ನಡುವೆ ಕೆರೆದರೆ ಪ್ರಯೋಜನ ಕಡಿಮೆ, ಫಂಗಸ್ ಅಂಚಿನಲ್ಲೇ ಮುಂದಕ್ಕೆ ಬೆಳೆಯುತ್ತಿರುತ್ತದೆ. ಉದುರಿದ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಹಿಡಿಯುತ್ತಾರೆ, ಬಿಳಿ ಪುಡಿ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಅದನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಚರ್ಮದ ಕೋಶ ಕರಗಿ ತಿಳಿಯಾಗುತ್ತದೆ. ಕರಗದೆ ಉಳಿಯುವುದು ಫಂಗಸ್‌ನ ಎಳೆ. ಕವಲೊಡೆದು, ನಡುನಡುವೆ ಅಡ್ಡಗೋಡೆ ಇಟ್ಟುಕೊಂಡು ಹರಿದಿರುತ್ತದೆ. ಬಟ್ಟೆಯ ಹತ್ತಿ ಎಳೆಯೂ ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ, ಹೊಸಬರು ಮೋಸ ಹೋಗುತ್ತಾರೆ.

ಇದಕ್ಕೆ ಅರ್ಧ ಗಂಟೆ ಸಾಕು, ಖರ್ಚೂ ಕಡಿಮೆ. ಆದರೆ ಫಂಗಸ್ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಯಾವ ಜಾತಿಯದು ಅಂತ ತಿಳಿಯಲು ಕಲ್ಚರ್ ಮಾಡಬೇಕು, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡಬೇಕು, ಅದು ಬೆಳೆಯಲು ಎರಡರಿಂದ ನಾಲ್ಕು ವಾರ. ದನದ ಫಂಗಸ್ ಇನ್ನೂ ನಿಧಾನ. ಲ್ಯಾಬಿನವರು ಸುಮ್ನೆ ಕಾಯಿಸುತ್ತಿದ್ದಾರೆ ಅಂತ ಬೈಯಬೇಡಿ.

ಪ್ರಾಣಿಗಳಿಗೆ ಫಂಗಸ್ ರೋಗ ತರುತ್ತದೆ ಅನ್ನುವುದು ಮೊದಲು ಗೊತ್ತಾದದ್ದೂ ಹುಳದಿಂದ ಎಂದರೆ ಹಾವೇರಿಯ ರೇಷ್ಮೆ ಬೆಳೆಗಾರರಿಗೆ ಇಷ್ಟವಾಗಬಹುದು. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಫಂಗಸ್ ಕಾರಣ ಎಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿದ. ಅದನ್ನು ಓದಿ 1839ರಲ್ಲಿ ಶೋನ್‌ಲೈನ್ ಎಂಬ ಡಾಕ್ಟರ್ ಮನುಷ್ಯರ ತಲೆಹುಣ್ಣಿನ ಹಕ್ಕಳೆಯಲ್ಲೂ ಫಂಗಸ್ ಕಂಡ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ (ಅದು ಫಂಗಸ್ ಅಲ್ಲ, ವೈರಸ್) ಪತ್ತೆಯಾದಾಗಲೂ ಕಾಡಿನಲ್ಲಿ ಸಾಯುತ್ತಿದ್ದ ಮಂಗಗಳೇ ದಾರಿ ತೋರಿಸಿದ್ದು.

ನಿಜವಾದ ಅಪರೂಪದ್ದು ಯಾವಾಗ ಅನುಮಾನಿಸಬೇಕು? ಮುಳ್ಳು ಚುಚ್ಚಿದ ಜಾಗದಲ್ಲಿ ಗಂಟು ಎದ್ದು, ಅಲ್ಲಿಂದ ತೋಳಿನ ಉದ್ದಕ್ಕೆ ಸಾಲಾಗಿ ಗಂಟುಗಳು ಏಳುತ್ತಾ ಹೋದರೆ ಸ್ಪೋರೊಟ್ರೈಕೋಸಿಸ್ ಇರಬಹುದು. ಇದು ಮಣ್ಣು, ಗಿಡಗಳ ಫಂಗಸ್. ಮೇಲೆ ಹೇಳಿದ ಕೆರೆಯುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಕಲ್ಚರ್ ಬೇಕು. ಮುಳ್ಳಿನ ವಿಷಯ ನೀವು ಹೇಳದಿದ್ದರೆ ಯಾರಿಗೂ ಅದು ಹೊಳೆಯುವುದಿಲ್ಲ. ಇನ್ನು ಕಲೆ ತುರಿಸುತ್ತಲೇ ಇಲ್ಲ, ಮುಟ್ಟಿದರೆ ಬಿಸಿ-ತಣ್ಣಗೆ ತಿಳಿಯುವುದಿಲ್ಲ ಅಂದರೆ ಕುಷ್ಠದ ಪರೀಕ್ಷೆ ತಕ್ಷಣ ಆಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ಪೂರ್ತಿ ವಾಸಿಯೂ ಆಗುತ್ತದೆ.

ನಿಮ್ಮ ರಿಪೋರ್ಟ್ "ಇಲ್ಲ" ಅಂತ ಬಂದರೆ ಅದನ್ನು ಪೂರ್ತಿ ನಂಬಬೇಡಿ. ಟ್ಯೂಬ್ ಹಚ್ಚಿದ ಚರ್ಮದಲ್ಲಿ ಫಂಗಸ್ ಇದ್ದರೂ ಕಾಣದೆ ಹೋಗಬಹುದು. ಒಂದೆರಡು ವಾರ ಏನೂ ಹಚ್ಚದೆ ಮತ್ತೆ ಕೆರೆಸುವುದು ವಾಡಿಕೆ. ಸ್ಟಿರಾಯ್ಡ್ ಬಿಟ್ಟಾಗ ಕೆಲವು ದಿನ ಕೆಂಪು, ಉರಿ ಜಾಸ್ತಿಯಾಗುತ್ತದೆ, ಅದನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಇದಕ್ಕೆ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಗದಗದ ಜಿಮ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಎಂಬ ಸರ್ಕಾರಿ ಆಸ್ಪತ್ರೆಗಳು ಇವೆಯಲ್ಲ. ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಕೊಟ್ಟಿಗೆಯಲ್ಲಿ ಯಾವುದಾದರೂ ಕರುವಿನ ಮೂತಿಯಲ್ಲಿ ಬೂದಿ ಹಕ್ಕಳೆ ಇದ್ದರೆ ಪಶು ಆಸ್ಪತ್ರೆಯವರಿಗೆ ತೋರಿಸಿ, ವಾಸಿಯಾಗುವವರೆಗೆ ಅದರ ಮೈ ತೊಳೆಯುವ ಕೆಲಸ ಮಕ್ಕಳಿಗೆ ಕೊಡಬೇಡಿ.