ತಲೆ ಎಣಿಸದೆ ಕೋರಂ ತಿಳಿಯುವ ಬಗೆ

ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗುವುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೆ ಹೊಸತಲ್ಲ. ಬ್ಯಾಕ್ಟೀರಿಯಾಗಳ ಒಗ್ಗಟ್ಟಿಗೂ ವಿಜ್ಞಾನಿಗಳು ಕೋರಂ ಸೆನ್ಸಿಂಗ್ ಎಂದೇ ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ಯಾರೂ ತಲೆ ಎಣಿಸುವುದಿಲ್ಲ. ಪ್ರತಿ ಕೋಶವೂ ಸಣ್ಣ ಅಣುವೊಂದನ್ನು ಹೊರಬಿಡುತ್ತದೆ. ಸುತ್ತಲಿನ ಸಾಂದ್ರತೆ ಮಿತಿ ದಾಟಿದಾಗ ಆ ಅಣು ಕೋಶದ ಪ್ರೋಟೀನಿಗೆ ಅಂಟಿ, ಗುಂಪಿನ ಕೆಲಸದ ಜೀನ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ಎಷ್ಟು ಮಂದಿ ಎನ್ನುವಷ್ಟೇ ಎಲ್ಲಿ ಎನ್ನುವುದೂ ಮುಖ್ಯ: ನೀರು ರಭಸವಾಗಿ ಹರಿಯುವಲ್ಲಿ ಅಣು ಕೊಚ್ಚಿಹೋಗುತ್ತದೆ, ಪೈಪಿನ ಸಂದಿಯಲ್ಲಿ ಉಳಿಯುತ್ತದೆ.

ಸಮುದ್ರದ ಬೆಳಕಿನ ಬ್ಯಾಕ್ಟೀರಿಯಾಗಳು ದಟ್ಟವಾದ ಮೇಲಷ್ಟೇ ಮಿನುಗುತ್ತವೆ ಎಂಬುದನ್ನು ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ 1970ರಲ್ಲಿ ವರದಿ ಮಾಡಿದರು. ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳದು ಇನ್ನೂ ಸೊಗಸು. ಅವುಗಳ ನೈಸಿನ್ ಎಂಬ 34 ಅಮೈನೋ ಆಮ್ಲಗಳ ಪೆಪ್ಟೈಡ್ ಸಂದೇಶವೂ ಹೌದು, ಪರರನ್ನು ಕೊಲ್ಲುವ ಆಯುಧವೂ ಹೌದು.

ಈ ಮಾತುಕತೆ ಕಣ್ಣಿಗೆ ಕಾಣಬೇಕೆಂದರೆ ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬ ಬ್ಯಾಕ್ಟೀರಿಯಾದ ಸಿವಿ026 ತಳಿ ಬೇಕು. ಅದಕ್ಕೆ ಸಂದೇಶ ಕೇಳಿಸುತ್ತದೆ, ಸ್ವತಃ ಕಳಿಸಲು ಬರುವುದಿಲ್ಲ. ಎಲ್‌ಬಿ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ತಟ್ಟೆಯಲ್ಲಿ ಅದರ ಒಂದು ಗೆರೆ, ಸುಮಾರು 1 ಸೆಂ.ಮೀ. ದೂರದಲ್ಲಿ ಕೆರೆಯಂಗಳದ ಮಣ್ಣಿನಿಂದ ಬೇರ್ಪಡಿಸಿದ ತಳಿಯ ಇನ್ನೊಂದು ಗೆರೆ ಎಳೆಯಿರಿ. 28 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಡಿ. ಪಕ್ಕದ ತಳಿ ಎಎಚ್‌ಎಲ್ (ಅಸೈಲ್ ಹೋಮೊಸೆರಿನ್ ಲ್ಯಾಕ್ಟೋನ್ ಎಂಬ ಸಂದೇಶದ ಅಣು) ಕಳಿಸಿದರೆ, ಬಿಳಿಚಿದ ಸಿವಿ026 ಅದರತ್ತಣ ಅಂಚಿನಿಂದ ನೇರಳೆಗೆ ತಿರುಗುತ್ತದೆ. ಡಿಸೆಂಬರಿನಲ್ಲಿ ಇನ್‌ಕ್ಯುಬೇಟರ್ ಬೇಕೇ ಬೇಕು. ಮೊಸರು ತಡವಾಗಿ ಹೆಪ್ಪುಗಟ್ಟುವ ಚಳಿಯಲ್ಲಿ ಬಣ್ಣವೂ ತಡ.

ನೇರಳೆ ಬರಲಿಲ್ಲವೆಂದು ತಳಿ ಮೂಕ ಎನ್ನುವಂತಿಲ್ಲ. ಸಿವಿ026ಕ್ಕೆ ಕೇಳಿಸುವುದು 4ರಿಂದ 8 ಇಂಗಾಲದ ಬಾಲವಿರುವ ಎಎಚ್‌ಎಲ್ ಅಣುಗಳು. 10 ಅಥವಾ ಅದಕ್ಕೂ ಹೆಚ್ಚು ಇಂಗಾಲದವು ಬಣ್ಣವನ್ನು ತಡೆಯುತ್ತವೆ. ಪಿಎಚ್ ಇನ್ನೂ ಕಳ್ಳ. ಮಾಧ್ಯಮದ ಪೆಪ್ಟೋನ್ (ಪ್ರೋಟೀನಿನ ತುಣುಕುಗಳು) ತಿಂದು ಬೆಳೆಯುವ ಬ್ಯಾಕ್ಟೀರಿಯಾ ಅಮೋನಿಯ ಬಿಟ್ಟು ಮಾಧ್ಯಮವನ್ನು ಕ್ಷಾರವಾಗಿಸಿದಂತೆ ಎಎಚ್‌ಎಲ್‌ನ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಂಡು ಸಂದೇಶ ಸಾಯುತ್ತದೆ. ಅಗರ್‌ಗೆ ಪಿಎಚ್ ಏರಿಳಿಯದಂತೆ ತಡೆಯುವ ಮಾಪ್ಸ್ ಬಫರ್ ಹಾಕಿ ಪಿಎಚ್ 7ರ ಆಸುಪಾಸಿನಲ್ಲಿ ಹಿಡಿದಿಡಿ. ಪ್ರತಿ ತಟ್ಟೆಯ ಜೊತೆಗೂ ಸಿವಿ026ರ ಪಕ್ಕ ಶುದ್ಧ ಸಿ6 ಎಎಚ್‌ಎಲ್ (6 ಇಂಗಾಲದ ಬಾಲದ್ದು) ಹನಿಸಿದ ತಟ್ಟೆಯೊಂದು ಇರಲಿ. ಅದೇ ನೇರಳೆಯಾಗದಿದ್ದರೆ ದೋಷ ಮಾಧ್ಯಮದ್ದೋ ಸಿವಿ026ರದ್ದೋ ಹನಿಸಿದ ಎಎಚ್‌ಎಲ್‌ನದ್ದೋ ಇರಬಹುದು.

ಇದನ್ನು ಮನೆಯಲ್ಲಿ ಮಾಡಬೇಡಿ. ಕ್ರೋಮೊಬ್ಯಾಕ್ಟೀರಿಯಂನಿಂದ ಅಪರೂಪಕ್ಕೆ ಪ್ರಾಣಾಪಾಯದ ಸೋಂಕು ತಗಲುತ್ತದೆ. ಪ್ರಯೋಗಾಲಯದಲ್ಲಿ ಕೈಗವಸು ಹಾಕಿ ಕೆಲಸ ಮಾಡಿ, ತಟ್ಟೆಗಳನ್ನು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದ) ಮೇಲೆಯೇ ಎಸೆಯಿರಿ.